ಮೊದಲು ಕರೆಯುವುದು ಅವನನ್ನೇ

ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಕಳೆದ ವಾರ ಸುಳ್ಳು ಬರೆಯುವುದನ್ನು ಕಲಿಸಿಬಂದೆ. ಸ್ಥಳ: ವಿದ್ಯಾಗಿರಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರ ಕೋಣೆ. ಪೆನ್ನು ಕೂಡ ನನ್ನದೇ.

ಹುಡುಗಿ ನನ್ನ ಅಕ್ಕನ ಮಗಳು ಪವಿತ್ರಾ. ಅಕ್ಕ-ಭಾವ ಇಳಕಲ್ಲಿನಲ್ಲಿದ್ದಾರೆ, ಇವಳು ನಮ್ಮ ಮನೆಯಲ್ಲಿದ್ದು ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ. ಊಟದ ತಾಟು ಮುಂದಿಟ್ಟುಕೊಂಡು ಮೊಬೈಲಿನಲ್ಲಿ ಅನಿಮೆ ಎಂಬ ಜಪಾನಿ ಕಾರ್ಟೂನು ನೋಡುತ್ತಾಳೆ. ಹೈಸ್ಕೂಲಿನ ಕಾಮಿಡಿ. ಅದರಲ್ಲಿ ಅವಳಿಗೆ ಇಷ್ಟವಾದವನು ಹೀರೋ ಅಲ್ಲ, ಹಿಂದಿನ ಬೆಂಚಿನ ಒಬ್ಬ ಪುಂಡ. ಹಳದಿ ಕೂದಲು, ಬಿಚ್ಚಿದ ಗುಂಡಿ, ಎಪಿಸೋಡಿಗೆ ಒಂದೆರಡು ಮಾತು. ಶಾಲೆಯಲ್ಲಿ ಎಲ್ಲೇ ಗಾಜು ಒಡೆದರೂ ಮಾಸ್ತರು ಮೊದಲು ಎಳೆದು ತರುವುದು ಅವನನ್ನೇ. ಜೋಕು ಅಷ್ಟೇ. (ನಾನೂ ನಕ್ಕಿದ್ದೇನೆ.)

"ನಗಬ್ಯಾಡ ಮಾಮಾ," ಎಂದಿದ್ದಳು. "ಅಂವ ಒಮ್ಮೆನೂ ಒಡದಿರೂದಿಲ್ಲ."

ರಜೆಗೆ ಊರಿಗೆ ಹೋದವಳು ಅಜ್ಜಿಯ ಮೆಹಂದಿ ಬಟ್ಟಲಿಗೆ ಕೈಹಾಕಿ, ಹಣೆಯ ಮೇಲಿನ ನಾಲ್ಕು ಕೂದಲಿಗೆ ಬಳಿದುಕೊಂಡು ಬಂದಳು. ಕಪ್ಪು ಕೂದಲಿಗೆ ಮೆಹಂದಿ ಎಷ್ಟು ಹತ್ತೀತು? ಬಿಸಿಲಿಗೆ ಹಿಡಿದರೆ ತುಸು ಕೆಂಪು. ಅಷ್ಟೇ ಸಾಕಾಯಿತು. ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದರು. ಎರಡೇ ದಿನಕ್ಕೆ ಶಾಲೆಯ ನೀರಿನ ಟಾಕಿಯ ನಲ್ಲಿ ಮುರಿದುಬಿತ್ತು. ಯಾರನ್ನು ಕರೆದಿರಬೇಕು, ಹೇಳಿ?

"ಕೂದಲಾ ನೋಡ್ರಿ ಸರ," ಎಂದರು ನನ್ನನ್ನೂ ಕರೆಸಿಕೊಂಡ ಹೆಡ್‌ಮಾಸ್ತರರು. "ಇಂಥಾಕಿ ಏನ್ ಮಾಡೂದಿಲ್ಲ?"

ಇದು ಸಾಕ್ಷಿ! ನೋಡಿದವರಿಲ್ಲ, ಕೇಳಿದವರಿಲ್ಲ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಮುಗಿಯಿತು, ಇಲ್ಲವಾದರೆ ಟಿ.ಸಿ. ಒಯ್ಯಿರಿ ಎಂದರು. ವರ್ಷದ ನಡುವೆ ಯಾವ ಶಾಲೆ ಸೇರಿಸಿಕೊಳ್ಳುತ್ತದೆ?

ನಾನು ಎಂ.ಎ. ಮಾಡಿದವನು. ಪ್ರಶ್ನೆ ಕೇಳಬೇಕು ಎಂದು ಈ ಅಂಕಣದಲ್ಲಿ ವಾರವಾರ ನಿಮಗೆ ಉಪದೇಶ ಮಾಡುವವನು. ಅಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟು: "ಬರದ್ ಕೊಡವಾ. ಹೋಗ್ಲಿ ಬಿಡು."

ಅವಳು ನನ್ನನ್ನೇ ನೋಡಿದಳು. "ನಾ ಮಾಡಿಲ್ಲಂತ ನಿನಗ ಗೊತ್ತೈತಿಲ್ಲ, ಮಾಮಾ?"

"ಗೊತ್ತೈತಿ."

ಬರೆದಳು. ಅಕ್ಷರ ಎಂದಿನಂತೆ ದುಂಡಗೇ ಇದ್ದವು.

ಬಾದಾಮಿಯ ಶಾಲೆಯಲ್ಲಿ ನಾನು ಮಾನಿಟರ್ ಆಗಿದ್ದೆ. ಮಾಸ್ತರರು ಹೊರಗೆ ಹೋದಾಗ ಗದ್ದಲ ಮಾಡುವವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಕೆಲಸ. ಮೊದಲು ಯಮನಪ್ಪ ಎಂದು ಬರೆದು, ಆಮೇಲೆ ಕ್ಲಾಸಿನ ಕಡೆ ತಿರುಗುತ್ತಿದ್ದೆ. ಅವನು ಭಾರೀ ಗದ್ದಲದವನು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಎಷ್ಟು ತಡಕಾಡಿದರೂ ಅವನ ದನಿ ಒಂದೂ ನೆನಪಿಗೆ ಬರುತ್ತಿಲ್ಲ. ಬೆತ್ತಕ್ಕೆ ಚಾಚಿದ ಅಂಗೈ ಮಾತ್ರ ಕಾಣುತ್ತದೆ. (ಅದನ್ನೂ ಕಂಡಿದ್ದೆನೋ, ಈ ವಾರದ ನಾಚಿಕೆ ಹೊಸದಾಗಿ ಬಿಡಿಸಿಕೊಟ್ಟ ಚಿತ್ರವೋ?)

ಮೂರು ದಿನ ಬಿಟ್ಟು ಶಾಲೆಯ ಸಿಪಾಯಿ ಪೇಟೆಯಲ್ಲಿ ಸಿಕ್ಕ. ಪೈಪಿಗೆ ಜಂಗು ಹಿಡಿದಿತ್ತಂತೆ. ಬಕೆಟ್ ತುಂಬುವಾಗ ನಲ್ಲಿ ಅವನ ಕೈಯಲ್ಲೇ ಕಿತ್ತುಬಂತಂತೆ. ನಾವು ಬರೆದುಕೊಟ್ಟು ಹೋದ ಮಧ್ಯಾಹ್ನವೇ ಹೆಡ್‌ಮಾಸ್ತರರಿಗೆ ಹೇಳಿದ್ದನಂತೆ!

ಮೈ ಉರಿಯಿತು. ಗಾಡಿ ತಿರುಗಿಸಿ ನೆಟ್ಟಗೆ ಶಾಲೆಗೇ ಹೋದೆ. ಹೆಡ್‌ಮಾಸ್ತರರು ಅಲ್ಲಗಳೆಯಲಿಲ್ಲ. "ಖರೆ ಐತ್ರಿ. ಆದ್ರ ಪತ್ರ ಫೈಲಿಗೆ ಹೋಗೇತಿ. ಇರ್ಲಿ ಬಿಡ್ರಿ, ಮುಂದ ಹುಷಾರ್ ಇರ್ತಾಳ."

ಮಾಡದ ತಪ್ಪನ್ನು ಇನ್ನೊಮ್ಮೆ ಮಾಡದಂತೆ ಹುಷಾರಾಗಿರುವುದು ಹೇಗೆ ಸ್ವಾಮಿ? ಮೇಜು ಗುದ್ದಿದೆ. ಪತ್ರ ಕೊಡುವವರೆಗೆ ಏಳುವುದಿಲ್ಲ ಎಂದು ಕುಳಿತೆ. ಗಂಟಲು ಹರಿಯುವಂತೆ ಕೂಗಾಡಿದೆ. ಕೊನೆಗೆ ಅವರು ಫೈಲು ತೆಗೆಸಿ, ಹಾಳೆಯನ್ನು ಮೇಜಿನ ಮೇಲೆ ಎಸೆದರು.

ಗೆದ್ದವನ ಹಾಗೆ ಮನೆಗೆ ಬಂದು ಹಾಳೆಯನ್ನು ಪವಿತ್ರಾಳ ಮುಂದಿಟ್ಟು, ಹೇಗೆ ಬೈದೆ ಎಂಬುದನ್ನೆಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಹಾಳೆ ಮುಟ್ಟಲಿಲ್ಲ.

"ಇಷ್ಟ್ ಸಿಟ್ಟು," ಎಂದಳು, "ಆವತ್ತ ನಾ ನಿನ್ನ ಮಾರಿ ನೋಡಿದಾಗ ಎಲ್ಲಿತ್ತು ಮಾಮಾ?"