ಕಾರಿಲ್ಲದ ಶೆಡ್ಡಿನಲ್ಲಿ ಹವಳ

ಮೈಸೂರಿನ ಶ್ರೀರಾಂಪುರದ ನಮ್ಮ ಮನೆಗೆ ಕಾರು ನಿಲ್ಲಿಸುವ ಶೆಡ್ಡಿದೆ, ಕಾರಿಲ್ಲ. ಮನೆ ಕಟ್ಟಿಸುವಾಗ ಮೇಸ್ತ್ರಿ "ಇವತ್ತಲ್ಲ ನಾಳೆ ತಗೋತೀರ ಬುಡಿ" ಎಂದು ಒತ್ತಾಯ ಮಾಡಿ ಸೇರಿಸಿದ್ದು. ನಾನು ಸುತ್ತಮುತ್ತಲ ಪಿ.ಜಿ.ಗಳಿಗೆ ಮಧ್ಯಾಹ್ನದ ಊಟ ಮಾಡಿಕೊಡುವವಳು. ಹೀಗಾಗಿ ಅಲ್ಲಿ ಬಹಳ ವರ್ಷ ನನ್ನ ದೊಡ್ಡ ಪಾತ್ರೆಗಳು, ಅಕ್ಕಿ ಮೂಟೆಗಳು ಇದ್ದವು. ನನ್ನ ಗಂಡ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುತ್ತಿದ್ದರು. ಒಂದು ಭಾನುವಾರ ಅವರು ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ, ಶೆಡ್ಡು ಗುಡಿಸಿ, "ಇಲ್ಲಿ ಸಮುದ್ರ ಮಾಡ್ತೀನಿ ಕಣೇ" ಎಂದರು.

ಅವರ ಕಡೆಯವರು ನಂಜನಗೂಡಿನ ಆಚೆ ಭತ್ತ ಬೆಳೆಯುವ ಜನ. ಸಮುದ್ರವನ್ನು ಅವರು ಕಂಡದ್ದೇ ಮದುವೆಯಾದ ಮೇಲೆ, ನನ್ನ ಜೊತೆ, ಒಂದೇ ಸಲ. ಹವಳದ ಹುಚ್ಚು ಹತ್ತಿದ್ದು ದೇವರಾಜ ಮೊಹಲ್ಲಾದ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ. ಫಿಲ್ಟರ್ ಸರಿಮಾಡಲು ಹೋದವರು ಅಲ್ಲಿನ ಗಾಜಿನ ತೊಟ್ಟಿಯ ಮುಂದೆ ನಿಂತುಬಿಟ್ಟರಂತೆ. ಹವಳ ಕಲ್ಲಲ್ಲ, ಜೀವ. ಒಂದು ತುಂಡು ಕತ್ತರಿಸಿ ಇನ್ನೊಂದು ಕಲ್ಲಿಗೆ ಅಂಟಿಸಿದರೆ ಅಲ್ಲೇ ಬೆಳೆಯುತ್ತದೆ ಎಂದು ವ್ಯಾಪಾರಿ ಹೇಳಿದರು. ಪೈರು ಕಿತ್ತು ನಾಟಿ ಹಾಕುವುದನ್ನು ನೋಡಿ ಬೆಳೆದ ಮನುಷ್ಯನಿಗೆ ಅಷ್ಟು ಸಾಕಾಯಿತು.

ಉದಯಗಿರಿಯ ವೆಲ್ಡರ್ ಒಬ್ಬರು ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಟ್ಟರು. ಮೇಲೆ ನಾಲ್ಕು ಅಡಿಯ ಗಾಜಿನ ತೊಟ್ಟಿ. ಕೆಳಗೆ, ನೀರು ಇಳಿದು ಸೋಸಿ ಪಂಪಿನಿಂದ ಮತ್ತೆ ಮೇಲೇರಲು ಇನ್ನೊಂದು ಸಣ್ಣ ತೊಟ್ಟಿ. ಪಕ್ಕದಲ್ಲಿ, ಕತ್ತರಿಸಿದ ತುಂಡುಗಳನ್ನು ಸಾಲಾಗಿ ಬೆಳೆಸಲು ಅಂಗೈ ಆಳದ ಅಗಲವಾದ ತಟ್ಟೆ. ಪೈರು ಎಬ್ಬಿಸುವ ಮಡಿಗೆ ಅವರೂರಲ್ಲಿ ಒಟ್ಲು ಎನ್ನುತ್ತಾರೆ. ಈ ತಟ್ಟೆಗೂ ಅದೇ ಹೆಸರಾಯಿತು. ಗಟ್ಟಿ ಕಲ್ಲುಹವಳ ಸಾಕುವುದಕ್ಕೆ ಕಾನೂನು ಬಿಡುವುದಿಲ್ಲವೆಂದು ತಿಳಿದುಕೊಂಡು ಮೆತ್ತನೆಯ ಜಾತಿಗಳನ್ನಷ್ಟೇ ತಂದರು. ಅಣಬೆಯಂಥವು ಕೆಲವು, ಗುಂಡಿಯಷ್ಟಗಲದ ಹೂವಿನಂಥವು ಕೆಲವು, ಚರ್ಮದ ಕೊಡೆಯ ಹಾಗಿದ್ದ ಒಂದು ದೊಡ್ಡದು.

ನನ್ನ ಪಾಲಿಗೆ ಬಂದ ಕೆಲಸ ಒಂದೇ. ಶನಿವಾರ ನೀಲಿ ಡ್ರಮ್ಮಿನಲ್ಲಿ ಫಿಲ್ಟರ್ ನೀರಿಗೆ ಅಳತೆಯ ಉಪ್ಪು ಬೆರೆಸಿ ಕದಡುವುದು. ಅವರು ತೊಟ್ಟಿಯಿಂದ ಒಂದಿಷ್ಟು ಹಳೇ ನೀರು ತೆಗೆದು ಇದನ್ನು ತುಂಬುತ್ತಿದ್ದರು.

"ಮಿಕ್ಕಿದ್ದೆಲ್ಲ ಎಂಗೆ ಅಂತ ನಂಗೂ ತೋರ್ಸಿ" ಎಂದು ಒಮ್ಮೆ ಕೇಳಿದ್ದೆ.

"ನಿಂಗ್ಯಾಕೆ ತಲೆನೋವು? ನಾನಿದೀನಲ್ಲ, ಬುಡು" ಎಂದರು. ಬಿಟ್ಟೆ.

ಬೇಸಿಗೆ ಶುರುವಾದ ಹೊತ್ತು. ಒಂದು ಬೆಳಿಗ್ಗೆ ನಾನು ಹುರುಳಿಕಾಳು ಬಸಿಯುತ್ತಿದ್ದೆ. ಅವರು ಒಟ್ಲಿಗೆ ಪೈಪು ಅಂಟಿಸುತ್ತಿದ್ದರು. ಡಬ್ಬಿ ಬಿದ್ದ ಸದ್ದಾಯಿತು. ಕರೆದರೆ ಉತ್ತರವಿಲ್ಲ. ಹೋಗಿ ನೋಡಿದರೆ ಗೋಡೆಗೊರಗಿ ಕೂತಿದ್ದಾರೆ, ಅಂಟು ನೆಲದ ಮೇಲೆ ಹರಿಯುತ್ತಿದೆ, ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿದೆ. ಬಾಯಿ ತೆರೆದರು. ಮಾತಲ್ಲದ ಏನೋ ಬಂತು.

ಹನ್ನೆರಡು ದಿನ ಆಸ್ಪತ್ರೆ. ಆ ದಿನಗಳಲ್ಲಿ ನಾನು ಮನೆಗೆ ಬಂದು ತೊಟ್ಟಿಯ ದೀಪ ಹಾಕಿ, ಸ್ನಾನ ಮಾಡಿ ಓಡುತ್ತಿದ್ದೆ. ಅವರನ್ನು ಮನೆಗೆ ಕರೆತಂದಾಗ ಬಲಗಾಲು ಎಳೆದುಕೊಂಡಾದರೂ ನಡೆಯುತ್ತಿದ್ದರು. ಬರೆಯಲು ಆಗುತ್ತಿರಲಿಲ್ಲ. ಮಾತಿನಲ್ಲಿ ಉಳಿದಿದ್ದು ಒಂದೇ ಪದ: "ಆಯ್ತು." ನೀರು ಬೇಕೆಂದರೂ ಅದೇ, ಬೇಡವೆಂದರೂ ಅದೇ, ಸಿಟ್ಟಿಗೂ ಅದೇ. ತಲೆ ಆಡಿಸುವುದರಲ್ಲೂ ಹೌದು, ಇಲ್ಲ ಎರಡೂ ಅದಲುಬದಲಾಗುತ್ತಿದ್ದವು.

ಮಾತಿನ ತರಬೇತಿ ಕೊಡುವ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡಿಮ್ಮಾ, ಅವ್ರಿಗೆ ಒಳಗಡೆ ಎಲ್ಲಾ ಗೊತ್ತಾಗ್ತದೆ. ಬಾಯಿಗೆ ಬರೋದು ಮಾತ್ರ ಅದೊಂದೇ. ಆ ಪದದ ಅರ್ಥ ಹಿಡ್ಕೋಬೇಡಿ, ಮುಖ ನೋಡಿ."

ಕೇಳಿಸಿಕೊಂಡೆ. ಚೆನ್ನಾಗಿಯೇ ಕೇಳಿಸಿಕೊಂಡೆ.

ಮನೆಗೆ ಬಂದ ಎರಡನೇ ದಿನ ಕೆಳಗಿನ ತೊಟ್ಟಿಯ ಪಂಪು ಗೊರಗೊರ ಅನ್ನತೊಡಗಿತು. ನೀರು ಕಡಿಮೆಯಾಗಿತ್ತು. ಮೈಸೂರಿನ ಬೇಸಿಗೆಯೂ ಈಗ ಮೊದಲಿನಂತಿಲ್ಲ. ನೀರು ಬಿಸಿಯಾಗದಿರಲೆಂದು ಅವರು ಮಾಡುತ್ತಿದ್ದ ಹಾಗೆಯೇ ನಾನೂ ತೊಟ್ಟಿಗೆ ಫ್ಯಾನು ತಿರುಗಿಸಿಟ್ಟಿದ್ದೆ. ದಿನಕ್ಕೆ ಎರಡು ಬೆರಳಿನಷ್ಟು ನೀರು ಆರಿಹೋಗುತ್ತಿತ್ತು. ಮುಂಚೆ ಹೀಗೆ ಇಳಿದದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಗೊತ್ತಿದ್ದ ನೀರು ಒಂದೇ, ನೀಲಿ ಡ್ರಮ್ಮಿನದು. ಚೊಂಬಿನಲ್ಲಿ ಮೊಗೆದು ಸುರಿದೆ.

ಅವರು ನನ್ನ ಹೆಗಲು ಹಿಡಿದು ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದರು. ಎಡಗೈ ಎತ್ತಿ ಡ್ರಮ್ಮಿನ ಕಡೆ ತೋರಿಸಿದರು. "ಆಯ್ತು" ಎಂದರು. "ಆಯ್ತು, ಆಯ್ತು, ಆಯ್ತು."

"ಹೂಂ, ತುಂಬಿಸ್ಬುಟ್ಟೆ. ನೀವೇನೂ ಯೋಚ್ನೆ ಮಾಡ್ಬೇಡಿ" ಎಂದೆ.

ಅವರ ಮುಖ ಕೆಂಪಾಗಿತ್ತು. ಅಷ್ಟು ದೂರ ನಡೆದದ್ದಕ್ಕೆ ಇರಬೇಕು ಅಂದುಕೊಂಡೆ. ಹೊತ್ತಾಗಿತ್ತು, ಮೂವತ್ತು ಡಬ್ಬಿ ಊಟ ಕಟ್ಟಬೇಕಿತ್ತು. ಆ ಪದಕ್ಕೆ ನನಗೆ ಬೇಕಾದ ಅರ್ಥವೊಂದಿತ್ತು. ಯಾರಾದರೂ ನನಗೆ ಸರಿಯಾಗಿದೆ, ಸಾಕು, ಆಯ್ತು ಎಂದು ಹೇಳಿ ಎಷ್ಟು ದಿನವಾಗಿತ್ತೋ.

ಹೀಗೆ ಮೂರು ವಾರ. ದಿನಾ ಬೆಳಿಗ್ಗೆ ಸುರಿದೆ. ಅವರು ಬಂದ ದಿನವೆಲ್ಲ ಅದೇ ಮಾತು, ದಿನದಿಂದ ದಿನಕ್ಕೆ ಜೋರಾಗಿ. ಒಂದು ದಿನ ಚೊಂಬನ್ನೇ ಕೈಯಿಂದ ಹೊಡೆದು ಬೀಳಿಸಿದರು. ಕಾಯಿಲೆಯವರಿಗೆ ಸಿಟ್ಟು ಜಾಸ್ತಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಲ್ಲ, ನೆಲ ಒರೆಸಿಕೊಂಡೆ. ಮೊದಲು ಗುಂಡಿಯಂಥ ಹೂಗಳು ಮುಚ್ಚಿಕೊಂಡವು. ಆಮೇಲೆ ಚರ್ಮದ ಕೊಡೆ ಬಾಡಿ ಒಂದು ಪಕ್ಕಕ್ಕೆ ವಾಲಿತು. ಬೆಳಕು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದೆ. ಕಸ ಕಟ್ಟಿದೆಯೇನೋ ಎಂದು ಪಂಪು ಬಿಚ್ಚಿ ತೊಳೆದೆ. ಏನು ಮಾಡಿದರೂ ಅವರು ಬಾಗಿಲಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದರು. ಸಾಯುತ್ತಿವೆಯಲ್ಲ ಎಂದು ಅಳುತ್ತಿದ್ದಾರೆ ಎಂದು ನಾನೂ ಅತ್ತೆ.

ಕೊನೆಗೆ ಗಂಡನ ಫೋನಿನಿಂದಲೇ ಬಟ್ಟೆ ವ್ಯಾಪಾರಿಗೆ ಫೋನು ಮಾಡಿದೆ. ಪಾರ್ಶ್ವವಾಯು ಆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅವತ್ತೇ ಅಂಗಡಿ ತಮ್ಮನ ಕೈಗೆ ಕೊಟ್ಟು ಬಂದರು. ನನ್ನ ಗಂಡನ ಕೈ ಹಿಡಿದು ಮಾತಾಡಿಸಿದರು. ಆಮೇಲೆ ಶೆಡ್ಡಿನ ಮೂಲೆಯ ಡ್ರಾಯರಿನಿಂದ ಸಣ್ಣ ದುರ್ಬೀನಿನಂಥದ್ದೊಂದನ್ನು ತೆಗೆದು, ತೊಟ್ಟಿಯ ಎರಡು ಹನಿ ನೀರು ಹಾಕಿ, ಬೆಳಕಿಗೆ ಹಿಡಿದು ನೋಡಿದರು.

"ಅಮ್ಮಾ, ಉಪ್ಪು ಲೀಟರಿಗೆ ಮೂವತ್ತೈದು ಗ್ರಾಂ ಇರಬೇಕು. ಇದು ನಲವತ್ತೈದು ದಾಟ್ಬುಟ್ಟದೆ. ನೀರು ಕಮ್ಮಿ ಆದಾಗ ಏನು ಹಾಕ್ತಿದ್ರಿ?"

ಡ್ರಮ್ಮು ತೋರಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸ್ಟ್ಯಾಂಡಿನ ಹಿಂದೆ ಬಗ್ಗಿ, ಗೋಡೆಗೆ ಒತ್ತಿ ಇಟ್ಟಿದ್ದ ಬಿಳಿ ಕ್ಯಾನೊಂದನ್ನು ಎಳೆದರು. ಅದರಿಂದ ತೆಳ್ಳನೆಯ ಕೊಳವೆ ಕೆಳತೊಟ್ಟಿಗೆ ಹೋಗಿತ್ತು. "ಆರೋದು ಬರೀ ನೀರು ಕಣಮ್ಮ, ಉಪ್ಪು ಅಲ್ಲೇ ಉಳ್ಕೋತದೆ. ಅದಕ್ಕೆ ಸಪ್ಪೆ ನೀರು ತಾನಾಗೇ ಸೇರಲಿ ಅಂತ ಯಜಮಾನ್ರು ಇದನ್ನ ಮಾಡವ್ರೆ. ಖಾಲಿ ಆಗ್ಬುಟ್ಟದೆ, ಅಷ್ಟೇ."

ನಾನು ದಿನಾ ಸಾರು ಕುದಿಸುವವಳು. ಬತ್ತಿ ಉಪ್ಪಾದ ಸಾರಿಗೆ ಯಾರಾದರೂ ಉಪ್ಪುನೀರು ಬೆರೆಸುತ್ತಾರೆಯೇ? ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಹತ್ತು ಹೆಜ್ಜೆ ಆಚೆ ಶೆಡ್ಡಿನಲ್ಲಿ ನನಗೆ ಹೊಳೆಯಲಿಲ್ಲ.

ಗಂಡನ ಹತ್ತಿರ ಹೋಗಿ ಕೂತೆ. "ನೀವು ಹೇಳ್ತಿದ್ದುದ್ದು ಇದೇನಾ? ಹಾಕ್ಬೇಡ ಅಂತಾನಾ?"

ಅವರು ಎಡಗೈಯಿಂದ ಹಣೆ ಹಣೆ ಚಚ್ಚಿಕೊಂಡರು. ನಾನು ಆ ಕೈ ಹಿಡಿದುಕೊಂಡೆ. ಬಿಡಿಸಿಕೊಂಡು ಮತ್ತೆ ಚಚ್ಚಿಕೊಂಡರು. ಎಲ್ಲವನ್ನೂ ಕಂಡು, ಬಾಯಿತುಂಬ ಕೂಗಿ, ಕೂಗಿದ್ದಕ್ಕೆ ಉಲ್ಟಾ ಆಗುವುದನ್ನು ಮೂರು ವಾರ ನಿಂತು ನೋಡಿದ್ದರು. ಕ್ಷಮಿಸಿ ಎಂದೆ. ಏನೋ ಅಂದರು, ಅದೇ ಪದ. ಕ್ಷಮಿಸಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಉಪ್ಪನ್ನು ಒಮ್ಮೆಗೇ ಇಳಿಸಿದರೆ ಉಳಿದವೂ ಸಾಯುತ್ತವೆ ಎಂದು ವ್ಯಾಪಾರಿ ಎಚ್ಚರಿಸಿದರು. ದಿನಕ್ಕಿಷ್ಟು ಎಂದು ಸಪ್ಪೆ ನೀರು ಸೇರಿಸುತ್ತಾ ಬಂದೆ. ಅವರು ಮೂರು ದಿನಕ್ಕೊಮ್ಮೆ ಬಂದು ಅಳೆದರು. ನಾಲ್ಕನೇ ದಿನಕ್ಕೆ ಚರ್ಮದ ಕೊಡೆ ಕರಗಿ ಕೊಳೆತ ಎಲೆಕೋಸಿನಂತೆ ನಾರತೊಡಗಿತು. ನಾನೇ ಬರಿಗೈಯಲ್ಲಿ ತೆಗೆದೆ. ಗುಂಡಿಯಂಥವು ಒಂದೂ ಉಳಿಯಲಿಲ್ಲ. ಉಳಿದದ್ದು ಐದು ಅಣಬೆಗಳು. ಅವು ಎಂಥದ್ದನ್ನೂ ತಡೆಯುತ್ತವಂತೆ.

ಇದೆಲ್ಲ ಹೋದ ವರ್ಷದ ಮಾತು. ಬಿಳಿ ಕ್ಯಾನು ತುಂಬಿಸಲು ಕಲಿತಿದ್ದೇನೆ, ದುರ್ಬೀನಿನಲ್ಲಿ ಉಪ್ಪು ಓದಲೂ ಕಲಿತಿದ್ದೇನೆ. ಯಾರೂ ಕತ್ತರಿಸದಿದ್ದರೂ ಅಣಬೆಗಳು ತಾವಾಗಿಯೇ ಸೀಳಿ ಹನ್ನೊಂದಾಗಿವೆ. ಒಟ್ಲು ಅರ್ಧಕ್ಕೇ ನಿಂತಿದೆ. ವ್ಯಾಪಾರಿ "ನಾನು ಬಂದು ಮುಗಿಸ್ಕೊಡ್ಲಾ?" ಎಂದು ಕೇಳಿದರು. ನನ್ನ ಗಂಡನ ಮುಖ ನೋಡಿದೆ. ಮುಖದಲ್ಲೂ ನನಗೆ ಏನೂ ಓದಲಾಗಲಿಲ್ಲ. "ಇನ್ನೊಂದು ಸ್ವಲ್ಪ ದಿನ ಹೋಗ್ಲಿ" ಎಂದೆ.

ಒಮ್ಮೊಮ್ಮೆ ಅವರು ಎಡಗೈಯಿಂದ ಗಾಜು ತಟ್ಟುತ್ತಾರೆ. ಆಗ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತೇನೆ. ನೀರು ಜಾಸ್ತಿಯಾಯ್ತಾ, ದೀಪನಾ, ಪಂಪಾ, ನಿಮಗೆ ಹಸಿವಾ, ಬಾತ್‌ರೂಮಾ ಎಂದು ಒಂದೊಂದೇ ಕೇಳುತ್ತೇನೆ. ಒಂದೊಂದಕ್ಕೂ ಅವರು ನನ್ನನ್ನೇ ನೋಡುತ್ತಾರೆ. ಕೆಲವು ದಿನ ಸಿಕ್ಕಿಬಿಡುತ್ತದೆ. ಹೆಚ್ಚಿನ ದಿನ ನನ್ನ ಪ್ರಶ್ನೆಗಳು ಮುಗಿಯುವ ಮೊದಲೇ ಒಳಗೆ ಕುಕ್ಕರ್ ಕೂಗುತ್ತದೆ, ನಾನು ಹೋಗಬೇಕಾಗುತ್ತದೆ.