ಅವ್ವ ಕೈಯಿಟ್ಟ ಕಲ್ಮನೆ

ಎಪ್ಪತ್ತರ ದಶಕದ ಕೊನೆಯ ಮಾತು. ತವರಿನಿಂದ ವಾಪಸು ಬರುವಾಗ ಬಸ್ಸು ಕಣ್ಣೆದುರಿಗೇ ನಿಂತಿದ್ದರೂ ಅವ್ವ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಕಾಲುದಾರಿ ಹಿಡಿದಳು. ಕಿಟಕಿ ಪಕ್ಕ ಕೂರುವ ಆಸೆಯಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ತೆಂಗಿನ ತೋಟಗಳು ಮುಗಿದದ್ದೇ ಕುರುಚಲು ಕಾಡು. ಅದರೊಳಗೆ ಕಲ್ಮನೆಗಳು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದಾರೆ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಮೊದಲಿದ್ದ ಗಿಡ್ಡ ಜನ ಬೆಂಕಿ ಮಳೆಗೆ ಹೆದರಿ ಇವುಗಳೊಳಗೆ ಸೇರಿಕೊಂಡವರು ಹೊರಗೆ ಬರಲೇ ಇಲ್ಲವಂತೆ. ನಮ್ಮ ಮೇಷ್ಟ್ರು ಮಾತ್ರ, ಅವು ಪುರಾತನರ ಗೋರಿಗಳು ಅಂದಿದ್ದರು. ಏನೇ ಇರಲಿ, ಹಾದುಹೋಗುವವರು ಒಂದು ಹಿಡಿ ಸೊಪ್ಪು ಮುರಿದು ಕಂಡಿಯ ಮುಂದೆ ಹಾಕಬೇಕು, ಒಳಗೆ ಇಣುಕಬಾರದು.

ಅವ್ವ ಸೊಪ್ಪು ಹಾಕಲಿಲ್ಲ. ಒಂದೊಂದೇ ಕಲ್ಮನೆಯ ಮುಂದೆ ಮಂಡಿಯೂರಿ ಇಣುಕುತ್ತಾ ಹೋದಳು. ಏನು ಹುಡುಕುತ್ತಿದ್ದಾಳೆಂದು ಆಗ ನನಗೆ ಹೊಳೆಯಿತು. ಕೆಲವು ವಾರಗಳ ಹಿಂದೆ ನಮ್ಮೂರ ಮನೆಯಲ್ಲೇ ನನಗೊಬ್ಬ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ಹೋಗಿಬಿಟ್ಟಿದ್ದ. ಅಪ್ಪ, ದೊಡ್ಡಪ್ಪ ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದರು. ಎಳೆಗೂಸನ್ನು ಮಣ್ಣು ಮಾಡಿದ ಜಾಗ ಹೆತ್ತವಳಿಗೆ ಹೇಳಬಾರದು, ಹೇಳಿದರೆ ಮತ್ತೆ ಬಸಿರು ನಿಲ್ಲುವುದಿಲ್ಲ ಎಂಬುದು ನಮ್ಮವರ ಕಟ್ಟಳೆ. ಅವ್ವ ಕಾಲು ಹಿಡಿದು ಕೇಳಿದರೂ ಅಪ್ಪ ಅಂದದ್ದು 'ಗುಡ್ಡದ ಕಡೆ' ಅಂತ, ಅಷ್ಟೆ.

ನಡುಮಧ್ಯಾಹ್ನ. ಜೀರುಂಡೆಗಳೂ ಸುಮ್ಮನಾಗಿದ್ದವು. ಕೊನೆಯ ಕಲ್ಮನೆಯ ಕಂಡಿಯೊಳಗೆ ಅವ್ವ ಭುಜದವರೆಗೂ ಕೈ ಇಳಿಸಿದಳು. ಇಳಿಸಿದವಳು ತೆಗೆಯಲೇ ಇಲ್ಲ. ಕಲ್ಲಿಗೆ ಕೆನ್ನೆ ಆನಿಸಿ, ಕಣ್ಣು ಮುಚ್ಚಿ, ಹಾಲೂಡಿಸುವಾಗ ಕೂಸಿಗೆ ಮಾಡುವಂತೆ ಮೆಲ್ಲಗೆ ಲೊಚಗುಟ್ಟತೊಡಗಿದಳು.

"ಅವ್ವಾ, ಹೋಗಾನ ಬಾ" ಅಂದೆ.

"ಸದ್ದು ಮಾಡಬ್ಯಾಡ ಕಣೇ, ಈಗಿನ್ನೂ ನಿದ್ದೆ ಹತ್ತೈತೆ."

ಅವಳು ಎದ್ದಾಗ ರವಿಕೆಯ ಎದೆ ನೆನೆದುಹೋಗಿತ್ತು. ಅದನ್ನು ನೋಡಿ ನನಗೆ ಭಯವೂ ಅಳುವೂ ಒಟ್ಟಿಗೇ ಬಂದವು. ಊರು ಮುಟ್ಟುವವರೆಗೆ ಅವಳ ಆ ಕೈ ಹಿಡಿಯಲು ನನಗೆ ಧೈರ್ಯ ಬರಲಿಲ್ಲ.

ಮನೆಯ ಮುಂದೆ ಅಪ್ಪ ತೆಂಗಿನಕಾಯಿ ಸುಲಿಯುತ್ತಿದ್ದ. ಗುಡ್ಡದ ದಾರೀಲಿ ಬಂದೆವು ಅಂತ ನಾನೇ ಹೇಳಿದೆ. ಅಪ್ಪನ ಮುಖ ಕಪ್ಪಿಟ್ಟಿತು.

"ಅಲ್ಯಾಕೆ ಹೋದೆ? ಕೂಸು ಅಲ್ಲಿಲ್ಲ ಕಣೇ. ನಮ್ ತೋಟದ ಬೇಲಿ ಮಗ್ಗುಲಾಗೇ ಮಡಗಿದ್ದು. ಹೇಳಿದ್ರೆ ಅಲ್ಲೇ ಬಿದ್ದಿರ್ತೀಯ ಅಂತ ಗುಡ್ಡ ಅಂದೆ."

ಹೇಳಬಾರದ್ದನ್ನು ಅಪ್ಪ ಹೇಳಿಬಿಟ್ಟಿದ್ದ. ಅವ್ವ ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲ.

"ಸುಮ್ಕಿರಿ" ಅಂದಳು. "ನನ್ ಬೆರಳು ಹಿಡ್ಕಂಡಿತ್ತು."