ಬೀಳುವುದನ್ನು ಕಲಿಸುವ ಮೇಷ್ಟ್ರು

ಬೆಳಗಿನ ಐದೂವರೆ. ಹಳೆಯ ಗೋದಾಮಿನ ಬಾಗಿಲು ಅರ್ಧ ಮಾತ್ರ ತೆರೆದಿದೆ. ಒಳಗೆ ಒಂದೇ ಟ್ಯೂಬ್‌ಲೈಟು. ಐವತ್ತೆಂಟು ವರ್ಷದ ಒಬ್ಬರು ಕುಸ್ತಿಯ ರಿಂಗಿನ ಮೂಲೆಯಲ್ಲಿ ನಿಂತು, ಗದ್ದವನ್ನು ಎದೆಗೆ ಒತ್ತಿಕೊಂಡು, ಯಾರೂ ತಳ್ಳದೆಯೇ ಹಿಂದಕ್ಕೆ ಬೀಳುತ್ತಾರೆ. ಧಡ್! ಮಲಗಿದಲ್ಲೇ ಸದ್ದಿಗೆ ಕಿವಿಗೊಡುತ್ತಾರೆ. ಎದ್ದು ಇನ್ನೊಂದು ಮೂಲೆಗೆ ಹೋಗಿ ಮತ್ತೆ ಬೀಳುತ್ತಾರೆ. ಮೂರನೆಯ ಮೂಲೆಯಲ್ಲಿ ಸದ್ದು ಬೇರೆ. ಕ್ಯಾನ್ವಾಸು ಎತ್ತಿ, ಕೆಳಗಿನ ಹಲಗೆಯ ಬೋಲ್ಟು ಬಿಗಿ ಮಾಡುತ್ತಾರೆ.

"ಹಲಗೆ ಸಡಿಲ ಇದ್ರೆ ಟೊಳ್ಳು ಸದ್ದು ಬರುತ್ತೆ. ಕಣ್ಣಿಗೆ ಕಾಣಲ್ಲ, ಬೆನ್ನಿಗೇ ಗೊತ್ತಾಗಬೇಕು. ಇನ್ನೊಬ್ಬರ ಬೆನ್ನು ಯಾಕೆ, ನಂದೇ ಆಗಲಿ ಅಂತ," ಎನ್ನುತ್ತಾರೆ.

ಇವರ ಹೆಸರನ್ನು ನೀವು ಕೇಳಿರಲಾರಿರಿ. ಕುಸ್ತಿ ಪ್ರದರ್ಶನದ ಪೋಸ್ಟರಿನಲ್ಲಿ ದೊಡ್ಡ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ 'ಮತ್ತು ಇತರರು' ಎಂದಿರುತ್ತದಲ್ಲ, ಆ ಇತರರೇ ಇವರು. ಆ ದೊಡ್ಡ ಚಿತ್ರ ಮಾತ್ರ ಎಲ್ಲರಿಗೂ ಗೊತ್ತು: ಏಳಡಿ ಎರಡಂಗುಲದ, ನೂರ ಅರವತ್ತು ಕಿಲೋ ತೂಕದ 'ಪರ್ವತ'. ಹದಿನಾಲ್ಕು ವರ್ಷದಿಂದ ಚಾಂಪಿಯನ್ ಬೆಲ್ಟು ಅವನ ಸೊಂಟ ಬಿಟ್ಟಿಲ್ಲ. 'ಬೆನ್ನು ನೆಲ ಕಾಣದ ಜಟ್ಟಿ' ಎಂದು ಊರೂರಿನ ಗೋಡೆಗಳ ಮೇಲೆ ಬರೆಸಿದ್ದಾರೆ. ಅವನ ಬೆನ್ನು ನೆಲ ಕಾಣದಿರಲು ಇನ್ನೊಬ್ಬರ ಬೆನ್ನು ದಿನಾ ಕಾಣಬೇಕಲ್ಲ! ಇಪ್ಪತ್ತಾರು ವರ್ಷದಲ್ಲಿ ಇವರು ಅವನ ಕೈಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಲ ಬಿದ್ದಿದ್ದಾರೆ.

ಈ ಆಟದಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ, ನಿಜ. ಆದರೆ ಬೀಳುವುದಕ್ಕೆ ನಾಟಕವಿಲ್ಲ. ಏಳಡಿ ಎತ್ತರದಿಂದ ಬಿದ್ದರೆ ಏಳಡಿ ಎತ್ತರದಿಂದಲೇ ಬಿದ್ದ ಹಾಗೆ. ಇವರ ಎಡಭುಜ ಎರಡು ಸಲ ಕಳಚಿದೆ, ನಾಲ್ಕು ಪಕ್ಕೆಲುಬು ಮುರಿದು ಕೂಡಿವೆ. ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಬೇಕು. ಈಗ ದಿನಕ್ಕೆ ಹನ್ನೆರಡೇ ಸಲ ಬೀಳುತ್ತಾರೆ: ರಿಂಗಿನ ಪರೀಕ್ಷೆಗೆ ನಾಲ್ಕು, ಹೊಸಬರಿಗೆ ಕಲಿಸುವುದಕ್ಕೆ ಎಂಟು. ಹಾಗಾಗಿಯೇ ಎಲ್ಲರ ಬಾಯಲ್ಲೂ ಇವರು ಮೇಷ್ಟ್ರು.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ನಂದು ಮೀಸೆ ಪೂರ್ತಿ ಮಣ್ಣೇ," ಎಂದು ನಗುತ್ತಾರೆ.

ಅವರ ಹೆಂಡತಿ ಒಂದು ಪಂದ್ಯವನ್ನೂ ನೋಡಿದವರಲ್ಲ. ದಿನಾ ಬೆನ್ನಿಗೆ ಎಣ್ಣೆ ತಿಕ್ಕುವವರಿಗೆ ಬೇರೆ ನೋಡುವುದೇನಿದೆ? "ಅಲ್ಲೂ ಸೋಲ್ತಾರೆ, ಮನೇಲೂ ಸೋಲ್ತಾರೆ. ಇಲ್ಲಿ ಸೋತಿದ್ದಕ್ಕೆ ಸಂಬಳ ಇಲ್ಲ, ಅಷ್ಟೇ ವ್ಯತ್ಯಾಸ," ಎನ್ನುತ್ತಾರೆ.

ಬಾಗಿಲು ಕಿರ್ರೆನ್ನುತ್ತದೆ. ಪರ್ವತ ತಲೆ ತಗ್ಗಿಸಿಕೊಂಡು ಒಳಗೆ ಬರುತ್ತಾನೆ. ನಲವತ್ತೇಳು ದಾಟಿದೆ, ಮಂಡಿ ಎರಡೂ ಹೋಗಿವೆ. ಈ ಭಾನುವಾರ ಅವನ ಕೊನೆಯ ಪಂದ್ಯ. ಈ ಕಸುಬಿನಲ್ಲಿ ಹಳೆಯ ಕಟ್ಟಳೆಯೊಂದಿದೆ: ಬಿಟ್ಟು ಹೋಗುವವನು ಬಿದ್ದೇ ಹೋಗಬೇಕು, ಉಳಿಯುವವನೊಬ್ಬನಿಗೆ ಗೆಲುವು ಕೊಟ್ಟು ಹೋಗಬೇಕು. ಹೊಸ ಜಟ್ಟಿಯೊಬ್ಬನಿಗೆ ಕೊಡು ಎಂದು ಪ್ರದರ್ಶನದ ಮಾಲೀಕರು ಹೇಳಿದರು. ಪರ್ವತ ಒಪ್ಪಲಿಲ್ಲ. "ಬೀಳೋದಾದ್ರೆ ಅಣ್ಣನ ಎದುರಿಗೇ ಬೀಳ್ತೀನಿ," ಎಂದು ಪಟ್ಟು ಹಿಡಿದ. ಮೇಷ್ಟ್ರನ್ನು ಅವನು ಕರೆಯುವುದು ಅಣ್ಣ ಎಂದೇ.

ಕಾರಣವಿದೆ. ಮೂಟೆ ಹೊರುತ್ತಿದ್ದವನನ್ನು ಎತ್ತರ ನೋಡಿ ರಿಂಗಿಗೆ ತಂದಾಗ ಅವನ ಜೊತೆ ಆಡಲು ಒಬ್ಬರೂ ಮುಂದೆ ಬರಲಿಲ್ಲ. "ಎತ್ತೋಕೆ ಗೊತ್ತಿತ್ತು, ಇಳಿಸೋಕೆ ಗೊತ್ತಿರಲಿಲ್ಲ. ಮೂಟೆ ಎಸೆದ ಹಾಗೆ ಎಸೀತಿದ್ದೆ. ಅಣ್ಣ ಒಬ್ರೇ ಬಂದು, ಎತ್ತಪ್ಪ, ಬೀಳೋದು ನನಗೆ ಬಿಡು ಅಂದ್ರು," ಎಂದು ಪರ್ವತ ನೆನೆಯುತ್ತಾನೆ.

ಈಗ ತೊಡಕು ಬೇರೆ. ಜೀವಮಾನದಲ್ಲಿ ಬೀಳದವನಿಗೆ ಬೀಳಲು ಬರುವುದಿಲ್ಲ! ಗದ್ದ ಎದೆಗೆ, ಉಸಿರು ಹೊರಗೆ, ತೋಳು ಅಗಲ, ಇಷ್ಟೇ ಪಾಠ. ಆದರೆ ಹಿಂದಕ್ಕೆ ವಾಲಿದ ಕೂಡಲೇ ಪರ್ವತನ ಬಲಗೈ ತಾನಾಗಿ ನೆಲ ಹುಡುಕುತ್ತಾ ಹಿಂದೆ ಹೋಗುತ್ತದೆ. ಆ ತೂಕಕ್ಕೆ ಮಣಿಕಟ್ಟು ಮುರಿಯುತ್ತದೆ, ಮೈ ಓರೆಯಾದರೆ ಕುತ್ತಿಗೆಯೂ ಉಳಿಯದು. ಹದಿನೆಂಟು ದಿನದಿಂದ ದಪ್ಪ ಹಾಸಿಗೆ ಹಾಸಿ ಅಭ್ಯಾಸ ನಡೆದಿದೆ. ಮೇಷ್ಟ್ರು ಬೈದರು, ಬಿಗಿಯಾಗಿ ಹಿಡಿದುಕೋ ಎಂದು ಕೈಗೆ ಟವೆಲ್ ಕೊಟ್ಟು ನೋಡಿದರು. ಜಪ್ಪಯ್ಯ ಅಂದರೂ ಆ ಕೈ ಕೇಳಲಿಲ್ಲ.

ಕೊನೆಗೆ ಒಂದು ಉಪಾಯ ಹೂಡಿದರು. "ನನ್ನನ್ನೇ ನೋಡು. ನಾನು ಹೂಂ ಅಂದಾಗ ಇಬ್ರೂ ಬೀಳೋಣ." ಪಕ್ಕಪಕ್ಕದಲ್ಲಿ ನಿಂತು, ಹೂಂ ಎಂದು, ಇಬ್ಬರೂ ಒಟ್ಟಿಗೆ ಧಡ್! ಆಗ ಕೈ ಹಿಂದೆ ಹೋಗುವುದಿಲ್ಲ. ಒಬ್ಬನೇ ಬಿದ್ದರೆ ಹತ್ತರಲ್ಲಿ ನಾಲ್ಕು ಸಲ ಹೋಗುತ್ತದೆ. ಶನಿವಾರವೂ ಲೆಕ್ಕ ನಾಲ್ಕೇ.

"ಆ ಹುಡುಗನಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಉಳೀತೀರಾ?" ಎಂದು ರಾತ್ರಿ ಊಟದ ಹೊತ್ತಿಗೆ ಹೆಂಡತಿ ಕೇಳುತ್ತಾರೆ. ಮೇಷ್ಟ್ರು ತಟ್ಟೆ ತೊಳೆಯಲು ಏಳುತ್ತಾರೆ.

ಭಾನುವಾರ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಪರ್ವತ ರಿಂಗಿಗೆ ಬಂದಾಗ ಚಾವಣಿ ಹಾರಿಹೋಗುವಂತೆ ಕೂಗು. ಮೇಷ್ಟ್ರು ಬಂದಾಗ ಪಾಪ್‌ಕಾರ್ನ್ ತರಲು ಎದ್ದವರೇ ಹೆಚ್ಚು. ಒಂಬತ್ತು ನಿಮಿಷ ಪರ್ವತ ಎಂದಿನಂತೆ ಇವರನ್ನು ಬಡಿಯುತ್ತಾನೆ. ಹತ್ತನೆಯ ನಿಮಿಷಕ್ಕೆ ಮೇಷ್ಟ್ರು ಹಗ್ಗಕ್ಕೆ ಬೆನ್ನು ಕೊಟ್ಟು, ಚಿಮ್ಮಿ ಬಂದು, ಎರಡೂ ಕೈಯಲ್ಲಿ ಅವನ ಎದೆಯನ್ನು ತಳ್ಳುತ್ತಾರೆ. ಪರ್ವತ ವಾಲುತ್ತಾನೆ. ಬಲಗೈ ಬೆರಳು ಬಿಚ್ಚಿಕೊಳ್ಳುವುದು ಮೇಷ್ಟ್ರಿಗೆ ಕಾಣಿಸುತ್ತದೆ.

"ಹೂಂ!"

ಧಡ್! ಬಿದ್ದದ್ದು ಪರ್ವತನೊಬ್ಬನೇ ಅಲ್ಲ. ಗೆಲ್ಲಬೇಕಾದ ಮೇಷ್ಟ್ರೂ ಪಕ್ಕದಲ್ಲಿ ಅಂಗಾತ ಬಿದ್ದಿದ್ದಾರೆ, ಗದ್ದ ಎದೆಗೊತ್ತಿ, ತೋಳು ಅಗಲಿಸಿ. ರೆಫರಿ ಕಕ್ಕಾಬಿಕ್ಕಿ. ಸಭಾಂಗಣ ಗೊಳ್ಳೆಂದು ನಗುತ್ತದೆ. ನಿಜಕ್ಕೂ ಅದು ತಪ್ಪೇ. ಬೇಕೆಂದು ಮಾಡಿದ್ದೇ ಎಂದು ಕೇಳಿದರೆ ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ, ಅಭ್ಯಾಸ ರೀ! ಬಾಯಲ್ಲಿ ಹೂಂ ಬಂತು, ಬೆನ್ನು ಹೊರಟೇ ಹೋಯ್ತು."

ಮಲಗಿದಲ್ಲೇ ಪರ್ವತ ಪಿಸುಗುಡುತ್ತಾನೆ: "ಅಣ್ಣ, ಏಳಿ. ಗೆಲ್ಲೋರು ನೀವು." ಮೇಷ್ಟ್ರು ತೆವಳಿಕೊಂಡು ಹೋಗಿ ಅವನ ಎದೆಯ ಮೇಲೆ ಕೈ ಇಡುತ್ತಾರೆ. ರೆಫರಿ ನೆಲ ತಟ್ಟಿ ಎಣಿಸುತ್ತಾರೆ: ಒಂದು, ಎರಡು, ಮೂರು. ಈಗ ಯಾರೂ ನಗುತ್ತಿಲ್ಲ. ಎಲ್ಲರೂ ಎದ್ದು ನಿಂತಿದ್ದಾರೆ. ರೆಫರಿ ಮೇಷ್ಟ್ರ ಕೈ ಎತ್ತಿ ಹಿಡಿದರೆ, ಅವರು ಬಗ್ಗಿ ಪರ್ವತನ ಮಣಿಕಟ್ಟನ್ನು ಒತ್ತಿ ಒತ್ತಿ ನೋಡುತ್ತಿದ್ದಾರೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ಹೆಂಡತಿಯದು. "ಗೆದ್ರಂತೆ! ಪಕ್ಕದ ಮನೆಯವರು ಹೇಳಿದ್ರು. ಹೌದೇನ್ರೀ?"

"ಅದಿರಲಿ ಬಿಡೇ," ಎನ್ನುತ್ತಾರೆ ಮೇಷ್ಟ್ರು. "ಕೈ ಹಿಂದೆ ಹೋಗಲಿಲ್ಲ ಕಣೇ. ನಮ್ಮ ಹುಡುಗ ಎಷ್ಟು ಚೆನ್ನಾಗಿ ಬಿದ್ದ ಗೊತ್ತಾ!"